ಬಿಡಾರಕ್ಕೆ ಮೊದಲು ಶಾಲೆ ನೋಡಿ



ನೆಲ ಇಲ್ಲದವರಿಗೆ ಊರು ಬಿಡುವುದು ಹೊಸತಲ್ಲ. ಕೆಲಸ ಇದ್ದಲ್ಲಿ ಬಿಡಾರ, ಬಿಡಾರ ಇದ್ದಲ್ಲಿ ಹೆಂಡತಿ ಮಕ್ಕಳು. ನೆಲ್ಯಾಡಿ, ಕೌಕ್ರಾಡಿ, ಗೋಳಿತೊಟ್ಟು, ಶಿರಾಡಿ, ಇಚ್ಲಂಪಾಡಿ ಸುತ್ತಿನ ರಬ್ಬರು, ಅಡಿಕೆ ತೋಟಗಳಿಗೆ ಸುಳ್ಯದ ಕಡೆಯಿಂದ, ಘಟ್ಟದ ಮೇಲಿನಿಂದ, ಗಡಿಯಾಚೆಯ ಕಾಸರಗೋಡಿನಿಂದ ನಮ್ಮ ಜನ ಬರುತ್ತಾರೆ. ಇಲ್ಲಿಂದ ಇನ್ನೊಂದು ಕಡೆಗೂ ಹೋಗುತ್ತಾರೆ. ಹೋಗುವಾಗ ಏನೇನು ಕೇಳುತ್ತೇವೆ? ಕೂಲಿ ಎಷ್ಟು, ಅಡ್ವಾನ್ಸು ಎಷ್ಟು, ಬಿಡಾರಕ್ಕೆ ಕರೆಂಟು ಉಂಟಾ, ಬೇಸಿಗೆಗೆ ನೀರು ಉಂಟಾ. ಶಾಲೆ ಎಲ್ಲುಂಟು ಅಂತ ಕೇಳುವವರು ಕಡಿಮೆ. ಕೇಳಿದರೂ ಧಣಿ ಗುಡ್ಡದ ಕಡೆಗೆ ಕೈ ತೋರಿಸಿ "ಅಲ್ಲೇ ಉಂಟಲ್ಲ" ಅನ್ನುತ್ತಾನೆ. ಅಲ್ಲಿಗೆ ಮಾತು ಮುಗಿಯಿತು. ನಮ್ಮ ಮಗು ಎಲ್ಲಿ ಓದಬೇಕು ಎಂದು ತೀರ್ಮಾನ ಮಾಡಿದ್ದು ನಾವಲ್ಲ. ಆ ಧಣಿಯ ಅಜ್ಜ ಆಳುಗಳಿಗೆಂದು ತೋಟದ ಯಾವ ಮೂಲೆಯಲ್ಲಿ ಬಿಡಾರ ಕಟ್ಟಿಸಿದನೋ ಆ ಮೂಲೆ ತೀರ್ಮಾನ ಮಾಡಿತು.

ಇದು ತಿರುಗಬೇಕು. ನಾವು ಹೇಳುವುದು ಇಷ್ಟೇ: ಬಿಡಾರ ನೋಡುವ ಮೊದಲು ಶಾಲೆ ನೋಡಿ. ಅಡ್ವಾನ್ಸಿಗೆ ಕೈ ಚಾಚುವ ಮೊದಲು ಆ ಸುತ್ತಿನ ಎರಡು ಮೂರು ಸರ್ಕಾರಿ ಶಾಲೆಗಳ ಬಾಗಿಲು ದಾಟಿ ಬನ್ನಿ. ಹೋಲಿಸಿ ನೋಡಿ. ಆಮೇಲೆ ಗಂಟು ಕಟ್ಟಿ.

ಇದೆಲ್ಲ ಸಂಬಳದಾರರ ಚಾಳಿ, ನಮಗೆ ಆಗಿಬರುವುದಲ್ಲ ಎನ್ನಬೇಡಿ. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರು ಪಟಾಲಮಿನಿಂದ ನಿವೃತ್ತರಾದವರು. ಅವರ ಸಂಸಾರ ದಾಪೋಲಿಯಿಂದ ಸಾತಾರಕ್ಕೆ, ಸಾತಾರದಿಂದ ಮುಂಬಯಿಗೆ ಬಂತು. 1900ರ ನವೆಂಬರ್ 7ರಂದು ಬಾಲಕ ಭೀಮ ಸೇರಿದ್ದು ಸಾತಾರದ ಸರ್ಕಾರಿ ಶಾಲೆಗೆ. ಅಲ್ಲಿ ಗೋಣಿಚೀಲ ಹಾಸಿಕೊಂಡು ಬೇರೆ ಕೂರಬೇಕು, ಜವಾನ ಎತ್ತಿ ಹೊಯ್ದರೆ ಮಾತ್ರ ನೀರು. ಮುಂಬಯಿಗೆ ಬಂದ ಮೇಲೆ ರಾಮ್‌ಜಿಯವರು ಪರೇಲಿನ ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ ಮಾಡಿಕೊಂಡು ಮಗನನ್ನು ಎಲ್ಫಿನ್‌ಸ್ಟನ್ ಹೈಸ್ಕೂಲಿಗೆ ಹಾಕಿದರು. ಅದೂ ಸರ್ಕಾರಿ ಶಾಲೆಯೇ. 1907ರಲ್ಲಿ ಮಗ ಮೆಟ್ರಿಕ್ ಪಾಸಾದ. ಕೋಣೆ ಚಿಕ್ಕದಾದರೂ ಆಗಲಿ, ಶಾಲೆ ಚಿಕ್ಕದಾಗಬಾರದು ಎಂದುಕೊಂಡ ತಂದೆ ಅವರು.

ನಮ್ಮ ಜಿಲ್ಲೆಯ ಕತೆಯೂ ಗೊತ್ತಿರಲಿ. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಹೋಲಿಸಿ ನೋಡಲು ನಮಗೆ ಎರಡು ಶಾಲೆ ಎಲ್ಲಿತ್ತು? ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ನಮ್ಮ ಮಕ್ಕಳಿಗೆ ಶಾಲೆ ನಡೆಸಬೇಕಾಯಿತು, ಏಕೆಂದರೆ ಊರಿನ ಶಾಲೆಯಲ್ಲಿ ನಮಗೆ ಜಾಗ ಇರಲಿಲ್ಲ. ಈಗ ಕಾನೂನಿನ ಪ್ರಕಾರ ಬಾಗಿಲು ತೆರೆದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಾಲೆ ಹಕ್ಕು ಎಂದು ಬರೆದಿದೆ. ಅಜ್ಜ ಅಜ್ಜಿಯರಿಗೆ ಇಲ್ಲದ ಆಯ್ಕೆ ನಮಗೆ ಉಂಟು. ಅದನ್ನು ತೋಟದ ಬೇಲಿಗೆ ಒಪ್ಪಿಸಿ ಕೂರುವುದೇ?

ಹಾಗಾದರೆ ಶಾಲೆಯಲ್ಲಿ ಏನನ್ನು ನೋಡುವುದು? ಬೋರ್ಡು, ಟೈ, ಬೂಟು, ಹಳದಿ ಬಸ್ಸು ನೋಡಿ ಮರುಳಾಗಬೇಡಿ. ನಮ್ಮ ಅಳತೆಗೋಲು ಬೇರೆ.

1) ಟೀಚರ್ ಎಷ್ಟು ಜನ? ಒಂದರಿಂದ ಐದನೇ ತರಗತಿಗೆ 60 ಮಕ್ಕಳ ತನಕ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು ಶಿಕ್ಷಕರು ಇರಬೇಕು ಎಂದು ಕಾಯ್ದೆಯ ಅನುಸೂಚಿ ಹೇಳುತ್ತದೆ. ಅಂದರೆ ಹದಿನೈದೇ ಮಕ್ಕಳಿದ್ದರೂ ಇಬ್ಬರು ಬೇಕು. ಒಬ್ಬರೇ ಇದ್ದಲ್ಲಿ ಅವರು ತರಬೇತಿಗೋ ಚುನಾವಣೆ ಕೆಲಸಕ್ಕೋ ಹೋದ ದಿನ ಪಾಠ ಇಲ್ಲ. ಒಂದು, ಎರಡು, ಮೂರನೇ ತರಗತಿಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದು ಕಂಡು ಗಾಬರಿಯಾಗಬೇಡಿ, ಅದು ನಲಿ-ಕಲಿ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಬಂದದ್ದು. ನಾಲ್ಕು, ಐದಕ್ಕೆ ಪಾಠ ಮಾಡುವವರು ಯಾರು ಎಂದು ಕೇಳಿ. ಐದಕ್ಕೇ ಮುಗಿಯುವ ಶಾಲೆಯಾದರೆ ಆರಕ್ಕೆ ಎಲ್ಲಿಗೆ ಹೋಗಬೇಕು ಎಂದೂ ಕೇಳಿ.

2) ದಾರಿ ಹೇಗುಂಟು? ಐದನೇ ತರಗತಿ ತನಕ ಒಂದು ಕಿಲೋಮೀಟರ್, ಎಂಟನೇ ತನಕ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎಂಬುದು ನಿಯಮ. ಆದರೆ ಕಾಗದದ ಕಿಲೋಮೀಟರ್ ಬೇರೆ, ಆಷಾಢದ ಕಿಲೋಮೀಟರ್ ಬೇರೆ. ಶಿರಾಡಿ ಬುಡದ ಮಳೆ ಎಂಥದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಹಾರಿ ದಾಟುವ ತೋಡು ಜುಲೈಯಲ್ಲಿ ಮಗುವನ್ನು ಎಳೆದುಕೊಂಡು ಹೋಗುತ್ತದೆ. ಅಡಿಕೆ ಮರದ ಸಂಕವೋ ಸಿಮೆಂಟಿನ ಸೇತುವೆಯೋ ನೋಡಿ. ಹೆದ್ದಾರಿಯ ಆಚೆ ಬಿಡಾರ, ಈಚೆ ಶಾಲೆ ಎಂದಾದರೆ ಎರಡು ಸಲ ಯೋಚಿಸಿ. ಮಂಗಳೂರು–ಬೆಂಗಳೂರು ದಾರಿಯ ಲಾರಿ ಆರು ವರ್ಷದ ಮಗುವಿಗೆ ನಿಲ್ಲುವುದಿಲ್ಲ. ಇನ್ನೊಂದು ಮಾತು. ಟ್ಯಾಪಿಂಗಿನವರು ಬೆಳಕು ಹರಿಯುವ ಮೊದಲೇ ತಲೆಗೆ ಲೈಟು ಕಟ್ಟಿಕೊಂಡು ತೋಟಕ್ಕೆ ಇಳಿಯುತ್ತಾರೆ. ಮಗುವನ್ನು ಎಬ್ಬಿಸಿ, ಗಂಜಿ ಕೊಟ್ಟು, ತೋಡು ದಾಟಿಸುವವರು ಯಾರು? ಅದಕ್ಕೆ ಉತ್ತರ ಇಲ್ಲದಿದ್ದರೆ ಹತ್ತಿರದ ಶಾಲೆಯೂ ದೂರವೇ.

3) ನಮ್ಮ ಮಗು ಎಲ್ಲಿ ಕೂರುತ್ತದೆ? ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೋಗಿ ನೋಡಬೇಕು. ಮಧ್ಯಾಹ್ನ ಊಟದ ಹೊತ್ತಿಗೇ ಹೋಗಿ. ಸಾಲಿನಲ್ಲಿ ಯಾರ ಪಕ್ಕ ಯಾರು, ತಟ್ಟೆ ಎಲ್ಲಿ ಇಡುತ್ತಾರೆ, ಅಡುಗೆಯವರು ಯಾರು, ಯಾರು ಮನೆಯಿಂದ ಬುತ್ತಿ ತರುತ್ತಾರೆ ನೋಡಿ. ಪಾಯಿಖಾನೆ ಯಾರು ತೊಳೆಯುತ್ತಾರೆ ಎಂದು ಮಕ್ಕಳನ್ನೇ ಕೇಳಿ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ನಮ್ಮ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ರಾಜ್ಯವೆಲ್ಲ ನೋಡಿತು. ನಮಗೆಂದೇ ಸರ್ಕಾರ ನಡೆಸುವ ಶಾಲೆಗಳಲ್ಲಿ ಒಂದು ಅದು. ಕಟ್ಟಡ ಚಂದ ಇದ್ದ ಮಾತ್ರಕ್ಕೆ ಜಾತಿ ಹೊರಗೆ ನಿಲ್ಲುವುದಿಲ್ಲ.

4) ಮಗುವಿನ ಮಾತು ಟೀಚರಿಗೆ ತಿಳಿಯುತ್ತದೆಯೇ? ನಮ್ಮ ಹೆಚ್ಚಿನ ಬಿಡಾರಗಳಲ್ಲಿ ಮಾತು ತುಳು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಮೇಲೆ ಸಿಲೋನಿನಿಂದ ಬಂದು ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆಸಿದವರ ಮನೆಯಲ್ಲಿ ತಮಿಳು. ಘಟ್ಟದ ಮೇಲಿನವರದ್ದು ಬೇರೆ ಕನ್ನಡ. ಶಾಲೆಗೆ ಹೋದರೆ ಪುಸ್ತಕದ ಕನ್ನಡ. ಮೊದಲ ಆರು ತಿಂಗಳು ಮಗು ಬಾಯಿ ಬಿಡದೆ ಕೂತರೆ ಅದು ದಡ್ಡತನ ಅಲ್ಲ. ಅದನ್ನು ತಿಳಿದ ಟೀಚರ್ ಇರುವ ಶಾಲೆ ಒಳ್ಳೆ ಶಾಲೆ. "ಇವುಗಳಿಗೆ ಇಷ್ಟೇ ತಲೆ" ಅನ್ನುವ ಟೀಚರ್ ಇದ್ದರೆ ಕಂಪ್ಯೂಟರ್ ಇದ್ದೂ ಪ್ರಯೋಜನ ಇಲ್ಲ.

ಇನ್ನು ಕಾಗದಪತ್ರ. ವರ್ಷದ ನಡುವೆ ಊರು ಬಿಟ್ಟರೆ ಹಳೇ ಶಾಲೆಯವರು ಟಿ.ಸಿ. ಕೊಡಲು ಸತಾಯಿಸುವುದುಂಟು. ಹೊಸ ಶಾಲೆಯವರು "ಟಿ.ಸಿ. ತನ್ನಿ, ಆಮೇಲೆ ನೋಡುವ" ಅನ್ನುವುದುಂಟು. ಈ ಮಾತಿಗೆ ಬಲಿಯಾಗಿ ಮಗು ಮೂರು ತಿಂಗಳು ಬಿಡಾರದಲ್ಲಿ ತಂಗಿಯನ್ನು ಎತ್ತಿಕೊಂಡು ಕೂರುತ್ತದೆ. ಕಾಯ್ದೆಯ 5ನೇ ಕಲಂ ಸ್ಪಷ್ಟ ಉಂಟು: ಟಿ.ಸಿ. ತಡವಾಯಿತೆಂದು ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, ತಡ ಮಾಡುವ ಹಾಗೂ ಇಲ್ಲ. 14ನೇ ಕಲಂ ಪ್ರಕಾರ ಹುಟ್ಟಿದ ದಾಖಲೆ ಇಲ್ಲವೆಂದು ಹಿಂದೆ ಕಳಿಸುವಂತಿಲ್ಲ. ಈ ಎರಡು ನಂಬರು ಬಾಯಿಪಾಠ ಇರಲಿ. ಕಾಸರಗೋಡಿನಿಂದ ಬರುವವರಿಗೆ ಮತ್ತೊಂದು ತೊಡಕು. 1956ರಲ್ಲಿ ರಾಜ್ಯ ವಿಂಗಡಣೆಯಾಗಿ ಗಡಿ ಬಿತ್ತು. ಒಂದು ರಾಜ್ಯದ ಪರಿಶಿಷ್ಟ ಜಾತಿಯವನು ಇನ್ನೊಂದು ರಾಜ್ಯಕ್ಕೆ ಹೋದರೆ ಅಲ್ಲಿ ಆ ಸವಲತ್ತು ಕೇಳುವಂತಿಲ್ಲ ಎಂದು 1990ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಸ್ಪೃಶ್ಯತೆ ಮಾತ್ರ ಯಾವ ಗಡಿಯಲ್ಲೂ ಇಳಿಯದೆ ಜೊತೆಗೇ ಬರುತ್ತದೆ! ಆದ್ದರಿಂದ ಗಡಿ ದಾಟುವ ಮೊದಲು ಸ್ಕಾಲರ್‌ಶಿಪ್, ಹಾಸ್ಟೆಲಿನ ಗತಿ ಏನು ಎಂದು ವಿಚಾರಿಸಿ.

"ಇದೆಲ್ಲ ಯಾಕೆ ಮಾರಾಯ್ರೆ, ಸಾಲ ಮಾಡಿ ಖಾಸಗಿ ಇಂಗ್ಲಿಷ್ ಮೀಡಿಯಂಗೆ ಹಾಕಿದರೆ ಮುಗಿಯಲಿಲ್ಲವೇ" ಎನ್ನುವವರು ನಮ್ಮಲ್ಲೇ ಇದ್ದಾರೆ. ಇಂಗ್ಲಿಷ್ ಬೇಡ ಎಂದು ನಾವು ಹೇಳುವುದಿಲ್ಲ. ಮೇಲ್ಜಾತಿಯ ಮಕ್ಕಳು ಇಂಗ್ಲಿಷ್ ಓದಿ ವಿಮಾನ ಹತ್ತುವಾಗ ನಮ್ಮ ಮಕ್ಕಳು ಮಾತ್ರ ಭಾಷೆ ಕಾಯುತ್ತ ಕೂರಬೇಕು ಎಂಬ ಉಪದೇಶ ನಮಗೆ ಬೇಡ. ಆದರೆ ದುಡ್ಡು ಎಲ್ಲಿಂದ ಬರುತ್ತದೆ? ಖಾಸಗಿ ಶಾಲೆಗಳಲ್ಲಿ ಬಡವರಿಗೆ ಶೇಕಡಾ 25 ಸೀಟು ಎಂದು ಕಾಯ್ದೆಯಲ್ಲಿ ಬರೆದಿತ್ತು. ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯವರು ಆ ಸೀಟು ಕೊಡಬೇಕಿಲ್ಲ ಎಂದು ಕರ್ನಾಟಕ ಸರ್ಕಾರ ನಿಯಮ ತಿದ್ದಿತು. 2019ರಲ್ಲಿ ಹೈಕೋರ್ಟೂ ಅದನ್ನು ಒಪ್ಪಿ ಆ ಬಾಗಿಲು ಬಹುಪಾಲು ಮುಚ್ಚಿತು. ಉಳಿದದ್ದು ಧಣಿಯ ಸಾಲ. ಮಗುವಿನ ಫೀಸಿಗೆ ಅಪ್ಪ ತೋಟಕ್ಕೆ ಅಡವು! ಸಾಲದ ಹೆಸರಿನಲ್ಲಿ ಆಳನ್ನು ಹಿಡಿದಿಡುವುದು 1976ರ ಜೀತ ನಿರ್ಮೂಲನ ಕಾಯ್ದೆಯಲ್ಲಿ ಅಪರಾಧ. ಆದರೂ ಮಗಳ ಶಾಲೆಯ ಹೆಸರಿನಲ್ಲಿ ಅದೇ ಹಗ್ಗ ಕುತ್ತಿಗೆಗೆ ಬೀಳುತ್ತದೆ. 2019ರಲ್ಲೇ ಸರ್ಕಾರ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆಯಿತು. ಅಂಥ ವಿಭಾಗ ಈ ಸುತ್ತಿನಲ್ಲಿ ಎಲ್ಲುಂಟು, ಅದಕ್ಕೆ ಟೀಚರ್ ಕೊಟ್ಟಿದ್ದಾರಾ ಎಂದು ಮೊದಲು ಹುಡುಕಿ.

ಈಗ ಕಷ್ಟದ ಪ್ರಶ್ನೆ. ನಾವೆಲ್ಲ ಹೋಲಿಸಿ ಹೋಲಿಸಿ ಒಳ್ಳೆ ಶಾಲೆಗೇ ಓಡಿದರೆ ಗುಡ್ಡದ ಮೇಲಿನ ಕಾಲೊನಿಯ ಶಾಲೆ ಏನಾಗುತ್ತದೆ? ಮಕ್ಕಳು ಕಡಿಮೆಯಾದರೆ ಟೀಚರ್ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಇನ್ನಷ್ಟು ಮಕ್ಕಳು ಹೋಗುತ್ತಾರೆ, ಕೊನೆಗೆ ಬೀಗ. ಅಲ್ಲಿ ಉಳಿಯುವುದು ಎಲ್ಲಿಗೂ ಹೋಗಲಾರದ ಮನೆಯ ಮಗು. ಅಮೆರಿಕದಲ್ಲಿ ಹೀಗೇ ಆಗಿದೆ. ಅಲ್ಲಿ ಸರ್ಕಾರಿ ಶಾಲೆಗಳ ಖರ್ಚಿನ ದೊಡ್ಡ ಪಾಲು ಆಯಾ ಪ್ರದೇಶದ ಮನೆ, ಜಮೀನಿನ ತೆರಿಗೆಯಿಂದ ಬರುತ್ತದೆ. ದುಡ್ಡಿದ್ದವರು ಶಾಲೆ ಹೋಲಿಸಿ ಮನೆ ಕೊಳ್ಳುತ್ತಾರೆ, ಮನೆಯ ಬೆಲೆ ಏರುತ್ತದೆ, ಶಾಲೆ ಇನ್ನೂ ಉದ್ಧಾರವಾಗುತ್ತದೆ. ಕಪ್ಪು ಜನರ ಕೇರಿಯ ಶಾಲೆ ಬಡವಾಗುತ್ತದೆ. ಬಣ್ಣದ ಮೇಲೆ ಶಾಲೆ ಬೇರೆ ಮಾಡಬಾರದೆಂದು 1954ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಹೇಳಿದರೂ ಮನೆಯ ಬೆಲೆ ಅದೇ ಕೆಲಸ ಮಾಡಿತು. ನಮ್ಮಲ್ಲಿ ಟೀಚರ್ ಸಂಬಳ ರಾಜ್ಯ ಸರ್ಕಾರದ್ದು. ಆದರೆ ಪೇಟೆ ಬದಿಯ ಶಾಲೆಗೆ ಹಳೆ ವಿದ್ಯಾರ್ಥಿ ಸಂಘ ಉಂಟು, ದಾನಿಗಳು ಉಂಟು, ರಂಗಮಂದಿರ ಉಂಟು. ಕಾಲೊನಿ ಶಾಲೆಯಲ್ಲಿ ಓದಿದವರು ಕೂಲಿಗೆ ಹೋಗಿದ್ದಾರೆ, ದಾನ ಮಾಡುವವರು ಯಾರು?

ಹಾಗಾಗಿ ಹೋಲಿಸುವುದು ಓಡಿಹೋಗಲಿಕ್ಕೆ ಮಾತ್ರ ಅಲ್ಲ, ಕೇಳಲಿಕ್ಕೂ ಹೌದು. ಆ ಶಾಲೆಯಲ್ಲಿ ನಾಲ್ವರು ಟೀಚರ್, ನಮ್ಮಲ್ಲಿ ಯಾಕೆ ಒಬ್ಬರು? ಅಲ್ಲಿ ಸೇತುವೆ, ಇಲ್ಲಿ ಯಾಕೆ ಸಂಕ? ಹೀಗೆ ಕೇಳಲು ಎರಡು ಕಡೆಯ ಲೆಕ್ಕ ಕೈಯಲ್ಲಿರಬೇಕು. ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಯರು, ಅರ್ಧ ಹೆಂಗಸರು, ದುರ್ಬಲ ವರ್ಗದವರು ಅವರವರ ಸಂಖ್ಯೆಗೆ ತಕ್ಕಂತೆ ಇರಬೇಕು. ಕೂಲಿಗೆ ಬಂದವರು ಎಂದು ಹಿಂದೆ ನಿಲ್ಲಬೇಡಿ. ಮಗುವಿನ ಹೆಸರು ಹಾಜರಿಯಲ್ಲಿ ಬಿದ್ದ ದಿನವೇ ನೀವು ಆ ಶಾಲೆಯವರು.

ಕೊನೆಗೆ ಮಾಡಬೇಕಾದ ಕೆಲಸ. ಬಿಡಾರ ಬದಲಿಸುವುದಾದರೆ ಏಪ್ರಿಲ್, ಮೇಯಲ್ಲಿ ಬದಲಿಸಿ, ನಡು ವರ್ಷದಲ್ಲಿ ಬೇಡ. ಇಂದು ರಬ್ಬರು ಟ್ಯಾಪಿಂಗಿಗೆ ಕೈ ಪಳಗಿದವರು ಸಿಗದೆ ತೋಟದವರೇ ಹುಡುಕಿಕೊಂಡು ಬರುತ್ತಾರೆ. ಕೂಲಿ ಮಾತಾಡುವಾಗಲೇ ಮಕ್ಕಳ ಶಾಲೆಯ ಮಾತೂ ಆಗಲಿ: ಶಾಲೆ ಹತ್ತಿರದ ಬಿಡಾರ ಕೊಡಿ, ಇಲ್ಲವೇ ಮಕ್ಕಳನ್ನು ಮುಟ್ಟಿಸುವ ಗಾಡಿ ಕೊಡಿ. ಪ್ರತಿ ಕಾಲೊನಿಯಲ್ಲೂ ಓದು ಬಂದ ಹುಡುಗ ಹುಡುಗಿಯರು ಒಂದು ನೋಟುಪುಸ್ತಕ ಮಾಡಿ. ನಿಮ್ಮ ಸುತ್ತಿನ ಪ್ರತಿ ಶಾಲೆಗೆ ಒಂದು ಹಾಳೆ. ಟೀಚರ್ ಎಷ್ಟು, ಮಕ್ಕಳು ಎಷ್ಟು, ತೋಡಿಗೆ ಸೇತುವೆ ಉಂಟಾ, ಪಾಯಿಖಾನೆ ಯಾರು ತೊಳೆಯುತ್ತಾರೆ, ಊಟದ ಸಾಲು ಹೇಗೆ. ಹೊಸಬರು ಬಂದರೆ ಆ ಪುಸ್ತಕ ಅವರ ಕೈಗೆ ಕೊಡಿ. ಮುಂದಿನ ಸಭೆಗೆ ಬರುವಾಗ ತನ್ನಿ, ಎಲ್ಲವನ್ನೂ ಒಟ್ಟು ಸೇರಿಸಿ ಕಡಬ ತಾಲೂಕು ಕಚೇರಿಯ ಮುಂದೆ ಓದೋಣ.