ಕಾರ್ಖಾನೆಯ ಗೋಡೆ, ಊರಿನ ಶಾಲೆ: ರೈಲ್ವೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ರೈಲ್ವೆ ಸಚಿವರೇ,



ಕಾಶಿಗೆ ಹೋಗುವ ಕನ್ನಡದ ಯಾತ್ರಿಕರು ವಿಶ್ವನಾಥನ ದರ್ಶನ ಮಾಡುತ್ತಾರೆ, ಜಂಗಮವಾಡಿ ಮಠಕ್ಕೆ ಹೋಗಿಬರುತ್ತಾರೆ, ಗಂಗಾಜಲದ ತಂಬಿಗೆ ಹಿಡಿದು ಊರಿಗೆ ಮರಳುತ್ತಾರೆ. ಅವರ ರೈಲನ್ನು ಎಳೆದು ತಂದ ಎಂಜಿನ್ ಅದೇ ಊರಿನಲ್ಲಿ ತಯಾರಾಗಿರಬಹುದು ಎಂಬುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. 1956ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅಡಿಗಲ್ಲು ಹಾಕಿದ ಡೀಸೆಲ್ ಲೋಕೋಮೋಟಿವ್ ವರ್ಕ್ಸ್‌ನಿಂದ ಮೊದಲ ಎಂಜಿನ್ ಹೊರಬಂದದ್ದು 1964ರ ಜನವರಿಯಲ್ಲಿ. ಈಗ ಅಲ್ಲಿ ವಿದ್ಯುತ್ ಎಂಜಿನ್‌ಗಳ ಕಾಲ. 2020ರಲ್ಲಿ ಹೆಸರೂ ಬನಾರಸ್ ಲೋಕೋಮೋಟಿವ್ ವರ್ಕ್ಸ್ ಎಂದಾಯಿತು. ಊರಿನವರ ಬಾಯಲ್ಲಿ ಮಾತ್ರ ಅದು ಇನ್ನೂ ಡಿಎಲ್‌ಡಬ್ಲ್ಯು. ಆ ಕಾರ್ಖಾನೆಯ ಕಾಲೋನಿಯೊಳಗಿನ ಶಾಲೆಗೂ ಗೋಡೆಯಾಚೆಗಿನ ಶಾಲೆಗಳಿಗೂ ಇರುವ ನಂಟನ್ನು ತಮ್ಮ ಮುಂದಿಡಲು ಈ ಪತ್ರ.

ದೊಡ್ಡ ಕಾರ್ಖಾನೆ ಬಂದಲ್ಲಿ ಕ್ವಾರ್ಟರ್ಸ್, ಆಸ್ಪತ್ರೆ, ಶಾಲೆ ಒಟ್ಟೊಟ್ಟಿಗೇ ಏಳುತ್ತವೆ. ವರ್ಗವಾಗಿ ಬರುವ ನೌಕರನ ಮಗುವಿಗೆ ಎಲ್ಲಿ ಹೋದರೂ ಅದೇ ಪಠ್ಯ, ಅದೇ ಮಾಧ್ಯಮ ಸಿಗಬೇಕು. ಕೇಂದ್ರೀಯ ವಿದ್ಯಾಲಯಗಳು ಹುಟ್ಟಿದ್ದೇ ಈ ಅಗತ್ಯದಿಂದ. ಬನಾರಸ್‌ನ ಕಾಲೋನಿಯಲ್ಲಿ ಅಂಥದೊಂದಿದೆ. ತಮ್ಮದೇ ಇಲಾಖೆಯ, 1984ರಲ್ಲಿ ಆರಂಭವಾದ ಯಲಹಂಕದ ರೈಲು ಗಾಲಿ ಕಾರ್ಖಾನೆಯ ಹೆಸರಿನಲ್ಲೂ ಒಂದಿದೆ.

ಇದರಲ್ಲಿ ತಪ್ಪೇನೂ ಇಲ್ಲ. ತೊಂದರೆ ಶುರುವಾಗುವುದು ಗೋಡೆಯ ಆಚೆ. ಓದು ಬಲ್ಲ, ಕಚೇರಿಯ ದಾರಿ ಬಲ್ಲ ತಂದೆತಾಯಂದಿರ ಮಕ್ಕಳೆಲ್ಲ ಕಾಲೋನಿಯ ಶಾಲೆಗೆ ಸೇರಿಕೊಂಡರೆ ಪಕ್ಕದ ಸರ್ಕಾರಿ ಪ್ರಾಥಮಿಕ ಶಾಲೆಗೆ ದನಿಯೇ ಉಳಿಯುವುದಿಲ್ಲ. ಮೇಷ್ಟ್ರು ಯಾಕೆ ಬಂದಿಲ್ಲ ಎಂದು ಕೇಳುವವರು, ಸೋರುವ ಸೂರಿಗಾಗಿ ಅರ್ಜಿ ಹಿಡಿದು ಅಲೆಯುವವರು ಅಲ್ಲಿ ಕಡಿಮೆಯಾಗುತ್ತಾರೆ. ಅಲಹಾಬಾದ್ ಹೈಕೋರ್ಟ್ 2015ರ ಆಗಸ್ಟ್‌ನಲ್ಲಿ ಈ ನೋವಿಗೇ ಕೈಯಿಟ್ಟಿತು. ಸರ್ಕಾರಿ ಸಂಬಳ ಪಡೆಯುವವರು, ಜನಪ್ರತಿನಿಧಿಗಳು ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗಳಿಗೇ ಕಳುಹಿಸುವಂತೆ ವ್ಯವಸ್ಥೆ ಮಾಡಿ ಎಂದು ಉತ್ತರ ಪ್ರದೇಶ ಸರ್ಕಾರಕ್ಕೆ ಹೇಳಿತು. ಹತ್ತು ವರ್ಷ ಕಳೆದು 2025ರ ಜೂನ್‌ನಲ್ಲಿ ಅದೇ ರಾಜ್ಯದಿಂದ ಬಂದದ್ದು, ಮಕ್ಕಳು ಕಡಿಮೆಯಾದ ಶಾಲೆಗಳನ್ನು ಪಕ್ಕದ ಶಾಲೆಗಳೊಂದಿಗೆ ಜೋಡಿಸುವ ಆದೇಶ.

ಹಾಗೆಂದು ಕಾಲೋನಿಯ ಶಾಲೆಗಳನ್ನು ಮುಚ್ಚಿದರೆ ಊರಿಗೆ ಲಾಭವಾದೀತೇ? ತಮ್ಮ ಇಲಾಖೆಯ ಲೆಕ್ಕವೇ ಬೇರೆ ಕಥೆ ಹೇಳುತ್ತದೆ. ರೈಲ್ವೆ ನಡೆಸುವ 94 ಶಾಲೆಗಳಲ್ಲಿ 2019ರಲ್ಲಿ ರೈಲ್ವೆ ನೌಕರರ ಮಕ್ಕಳಿದ್ದದ್ದು 15,399. ಹೊರಗಿನವರ ಮಕ್ಕಳು 34,277. ಅಂದರೆ ಹತ್ತರಲ್ಲಿ ಏಳು ಮಕ್ಕಳು ಊರಿನವರು! ರೈಲ್ವೆ ನೆರವಿನ 87 ಕೇಂದ್ರೀಯ ವಿದ್ಯಾಲಯಗಳಲ್ಲೂ ಹೊರಗಿನವರೇ ಹೆಚ್ಚು: 55,386 ಮಕ್ಕಳು. ಆಗ ಹಣಕಾಸು ಸಚಿವಾಲಯದ ಪ್ರಧಾನ ಆರ್ಥಿಕ ಸಲಹೆಗಾರರಾಗಿದ್ದ ಸಂಜೀವ್ ಸನ್ಯಾಲ್ 2021ರ ವರದಿಯಲ್ಲಿ ಈ ಅಂಕಿಗಳನ್ನೇ ಮುಂದಿಟ್ಟು, ರೈಲ್ವೆ ಶಾಲೆಗಳನ್ನು ಕೇಂದ್ರೀಯ ವಿದ್ಯಾಲಯ ಸಂಘಟನೆಗೋ ರಾಜ್ಯಗಳಿಗೋ ಒಪ್ಪಿಸಬಹುದೆಂದರು. ನೌಕರರ ಮಕ್ಕಳು ಕಡಿಮೆ ಎಂಬುದು ಅವರ ಕಾರಣ. ಊರಿನ ಕಡೆಯಿಂದ ನೋಡಿದರೆ ಆ ಶಾಲೆಗಳು ಉಳಿಯಬೇಕಾದದ್ದೂ ಅದೇ ಕಾರಣಕ್ಕೆ.

ಇನ್ನೊಂದು ತೊಡಕಿದೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು, ಅದರಲ್ಲೂ ಸುತ್ತಲಿನ ಊರುಗಳಿಗೆ ಆದ್ಯತೆ. ಬನಾರಸ್‌ನ ಕಾರ್ಖಾನೆ ಕಂಪನಿಯಲ್ಲ, ಇಲಾಖೆಯ ಘಟಕ. ಹಾಗಾಗಿ ಆ ಕಾಯ್ದೆ ಅದನ್ನು ಮುಟ್ಟುವುದಿಲ್ಲ. ಆರು ದಶಕಗಳಿಂದ ನೆರೆಯಲ್ಲಿರುವ ಶಾಲೆಗಳು ಇಷ್ಟು ನಮ್ಮ ಹಕ್ಕು ಎಂದು ಕೇಳಲು ಕಾನೂನಿನ ಒಂದು ಸಾಲೂ ಇಲ್ಲ.

ಯೋಜನೆಯೊಂದಕ್ಕೇ ಜೋತುಬಿದ್ದ ಶಾಲೆಯ ಪಾಡೇನೆಂಬುದನ್ನು ಕರ್ನಾಟಕ ಕಂಡಿದೆ. ಸುಪ್ರೀಂ ಕೋರ್ಟ್ ತೀರ್ಪಿನಂತೆ ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಮನೆಗಳು ಖಾಲಿಯಾದಂತೆ ತರಗತಿಗಳೂ ಖಾಲಿಯಾದವು. ಕಾಡನ್ನು ಉಳಿಸಿದ ಆ ತೀರ್ಪು ಸರಿಯಾದದ್ದೇ. ಆದರೆ ಗಣಿಯ ನಂತರ ಶಾಲೆಯನ್ನು ಯಾರು ನಡೆಸಬೇಕೆಂಬುದನ್ನು ಗಣಿ ಶುರುವಾಗುವಾಗಲೇ ಬರೆದಿಡಬೇಕಿತ್ತು.

ಸಚಿವರೇ, ಯಾವುದೇ ರೈಲ್ವೆ ಶಾಲೆಯನ್ನು ಬೇರೆಯವರಿಗೆ ಒಪ್ಪಿಸುವ ಮುನ್ನ ಹೊರಗಿನ ಮಕ್ಕಳಿಗಿರುವ ಸೀಟುಗಳಲ್ಲಿ ಒಂದೂ ಕಡಿಮೆಯಾಗದೆಂದು ಬರೆದುಕೊಡಿಸಿ. ಬನಾರಸ್ ಕಾರ್ಖಾನೆಯ ವಾರ್ಷಿಕ ಬಜೆಟ್ಟಿನಲ್ಲಿ ನೆರೆಯ ಸರ್ಕಾರಿ ಶಾಲೆಗಳಿಗೆಂದೇ ಒಂದು ಬಾಬ್ತು ತೆರೆಯಿಸಿ. ಕಾರ್ಖಾನೆಯ ಎಂಜಿನಿಯರುಗಳು ವಾರಕ್ಕೊಂದು ಗಂಟೆ ಆ ಶಾಲೆಗಳಲ್ಲಿ ಗಣಿತ, ವಿಜ್ಞಾನ ಹೇಳಿಕೊಡಲಿ. ಎಂಜಿನ್ ಕಟ್ಟುವ ಕೈಗಳನ್ನು ಆ ಮಕ್ಕಳು ಒಮ್ಮೆಯಾದರೂ ಹತ್ತಿರದಿಂದ ನೋಡಲಿ.

ಉತ್ತರ ಪ್ರದೇಶದಲ್ಲಿ ಶಾಲಾ ವರ್ಷ ಏಪ್ರಿಲ್ 1ರಂದೇ ಶುರುವಾಗುತ್ತದೆ. ಆದೇಶ ಅದಕ್ಕೆ ಮೊದಲೇ ಕಾರ್ಖಾನೆಯ ಮಹಾಪ್ರಬಂಧಕರ ಮೇಜಿಗೆ ತಲುಪಿದರೆ ಈ ಸಲ ಒಂದನೇ ತರಗತಿಗೆ ಸೇರುವ ಮಕ್ಕಳಿಗೇ ಅದು ಒದಗುತ್ತದೆ.