ಪಹಣಿಯ ಗುಂಟೆಯೂ ಯಂತ್ರದ ಲೆಕ್ಕವೂ

ಹಳೆಯ ಸಾಫ್ಟ್‌ವೇರ್‌ಗಳನ್ನು ಕೃತಕ ಬುದ್ಧಿಮತ್ತೆಯಿಂದ ಹೊಸದಾಗಿ ಬರೆಯಿಸುವ ಕಾರ್ಯ ಇಂದು ಭರದಿಂದ ಸಾಗಿದೆ. ವೇಗ ಹೆಚ್ಚುತ್ತದೆ, ವೆಚ್ಚ ತಗ್ಗುತ್ತದೆ ಎಂಬುದು ಇದರ ಸಮರ್ಥಕರ ವಾದ. ತಮ್ಮ ಸಂಸ್ಥೆಯ ಜಾವಾ ಪ್ರೋಗ್ರಾಂಗಳನ್ನು ಹೀಗೆ ನವೀಕರಿಸಿದ್ದರಿಂದ 4,500 ಮಾನವ ವರ್ಷಗಳಷ್ಟು ದುಡಿಮೆಯೂ ವಾರ್ಷಿಕ 26 ಕೋಟಿ ಡಾಲರ್ ವೆಚ್ಚವೂ ಉಳಿಯಿತೆಂದು ಅಮೆಝಾನ್ ಮುಖ್ಯಸ್ಥ ಆಂಡಿ ಜಾಸ್ಸಿ 2024ರ ಆಗಸ್ಟ್‌ನಲ್ಲಿ ಹೇಳಿಕೊಂಡರು. ಈ ತಂತ್ರಜ್ಞಾನದ ಸಾಮರ್ಥ್ಯವನ್ನು ಅಲ್ಲಗಳೆಯುವಂತಿಲ್ಲ.

ಆದರೆ ಮಾಲೂರು ತಾಲೂಕಿನ ಮಾಸ್ತಿ ಹೋಬಳಿಯ ರೈತನಿಗೂ ಇದಕ್ಕೂ ಏನು ಸಂಬಂಧ? ಖಂಡಿತ ಇದೆ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿಗಿದ್ದ ಮಾನ್ಯತೆ ಹೋಯಿತು. ಅಂದಿನಿಂದ ಕಂಪ್ಯೂಟರ್ ಮುದ್ರಿಸಿಕೊಟ್ಟದ್ದೇ ರೈತನ ಹಕ್ಕಿನ ದಾಖಲೆ.

ನಾಳೆ ಇಂತಹ ಸಾಫ್ಟ್‌ವೇರನ್ನೂ ಯಂತ್ರದಿಂದಲೇ ಬರೆಯಿಸಿದರೆ ಏನಾದೀತು? ಒಂದು ಸಣ್ಣ ಉದಾಹರಣೆ ನೋಡಿ. ನಮ್ಮಲ್ಲಿ 40 ಗುಂಟೆಗೆ ಒಂದು ಎಕರೆ. 3 ಎಕರೆ 10 ಗುಂಟೆಯನ್ನು 3.10 ಎಂದು ಬರೆಯುವ ರೂಢಿಯಿದೆ. ಯಂತ್ರವು ಇದನ್ನು ದಶಮಾಂಶವೆಂದು ಭಾವಿಸಿದರೆ ಅದು 3 ಎಕರೆ 4 ಗುಂಟೆಯಾಗುತ್ತದೆ. ಯಾವ ಸದ್ದೂ ಇಲ್ಲದೆ 6 ಗುಂಟೆ ನೆಲ ಮಾಯ! ಪ್ರೋಗ್ರಾಂ ಮಾತ್ರ ಹಿಂದಿಗಿಂತ ವೇಗವಾಗಿಯೇ ಓಡುತ್ತಿರುತ್ತದೆ. ಅದನ್ನು ತಿದ್ದಿಸಲು ಮಾಲೂರಿನ ತಹಶೀಲ್ದಾರ್ ಕಚೇರಿಗೂ ಕೋಲಾರದ ಉಪವಿಭಾಗಾಧಿಕಾರಿಯ ಬಳಿಗೂ ಅಲೆಯಬೇಕಾದವನು ರೈತ. ಹಾಗಾದರೆ ಉಳಿತಾಯವಾದುದು ಯಾರ ವೆಚ್ಚ?

ಹಳೆಯ ಪ್ರೋಗ್ರಾಂ ಕೇವಲ ಸಾಲುಗಳ ರಾಶಿಯಲ್ಲ. ಖರಾಬು, ಪೋಡಿ, ಪೌತಿ ಖಾತೆಗಳ ನಿಯಮಗಳೂ ಅವುಗಳಿಗೆ ಕಾಲಕಾಲಕ್ಕೆ ಆದ ತಿದ್ದುಪಡಿಗಳೂ ಅದರೊಳಗೆ ಅಡಗಿವೆ. ಅವನ್ನು ಬಲ್ಲ ಕಂದಾಯ ಸಿಬ್ಬಂದಿಯನ್ನು ಹೊರಗಿಟ್ಟು ಮಾಡುವ ನವೀಕರಣವು ಕುರುಡು ನಡಿಗೆ.

ಆದ್ದರಿಂದ ಹಳೆಯದನ್ನೂ ಹೊಸದನ್ನೂ ಕೆಲಕಾಲ ಜೊತೆಯಾಗಿ ನಡೆಸಿ, ಪ್ರತಿಯೊಂದು ಸರ್ವೆ ನಂಬರಿನ ಫಲಿತಾಂಶವನ್ನೂ ತಾಳೆ ನೋಡಬೇಕು. ವ್ಯತ್ಯಾಸಗಳ ಪಟ್ಟಿಯನ್ನು ಹೋಬಳಿ ಮಟ್ಟದಲ್ಲಿ ಪ್ರಕಟಿಸಬೇಕು. ತಪ್ಪಾದರೆ ಉತ್ತರಿಸಬೇಕಾದ ಅಧಿಕಾರಿ ಯಾರೆಂಬುದು ಮೊದಲೇ ನಿಗದಿಯಾಗಬೇಕು. ಉಳಿದ ಹಣದಲ್ಲಿ ಒಂದು ಪಾಲು ನಾಡಕಚೇರಿಗಳ ಸುಧಾರಣೆಗೆ ಸಲ್ಲಬೇಕು.

ಯಂತ್ರ ಬರೆಯಲಿ, ಅಭ್ಯಂತರವಿಲ್ಲ. ಆದರೆ ಅದು ಬರೆದುದಕ್ಕೆ ಸಹಿ ಹಾಕುವ ಹೊಣೆ ಮನುಷ್ಯನದ್ದೇ ಆಗಿರಲಿ.