ದಾಳ ಮುಟ್ಟದವನ ಪಾಲು

1957ರ ಏಪ್ರಿಲ್‌ನಲ್ಲಿ ಮುಂಬಯಿ ರಾಜ್ಯ ಮತ್ತು ಆರ್.ಎಂ.ಡಿ. ಚಮಾರ್‌ಬಾಗ್‌ವಾಲಾ ಅವರ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು ಸಾಹಿತ್ಯದ ವಿದ್ಯಾರ್ಥಿಗಳೂ ಓದತಕ್ಕದ್ದು. ವ್ಯಾಜ್ಯದ ಮೂಲ ಬೆಂಗಳೂರಿನಲ್ಲಿಯೇ ಇದೆ. ಇಲ್ಲಿ ಅಚ್ಚಾಗಿ ಮುಂಬಯಿ ರಾಜ್ಯದಲ್ಲಿ ಹೇರಳವಾಗಿ ಮಾರಾಟವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಬಹುಮಾನದ ಪದಬಂಧ ಸ್ಪರ್ಧೆ ನಡೆಸುತ್ತಿತ್ತು. ಆ ಸ್ಪರ್ಧೆ ಜೂಜೇ? ಜೂಜಾದರೆ, ಸಂವಿಧಾನವು ವ್ಯಾಪಾರಕ್ಕೆ ಕೊಟ್ಟಿರುವ ಸ್ವಾತಂತ್ರ್ಯ ಅದಕ್ಕೂ ಸಲ್ಲುವುದೇ? ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರು ಋಗ್ವೇದದ ಜೂಜುಗಾರನ ಸೂಕ್ತವನ್ನೂ ಪಾಂಡವರ ದುರವಸ್ಥೆಯನ್ನೂ ಮನು–ಯಾಜ್ಞವಲ್ಕ್ಯರನ್ನೂ ಸ್ಮರಿಸಿ, ಜೂಜು ವ್ಯಾಪಾರವೆಂಬ ಹೆಸರಿಗೇ ಅರ್ಹವಲ್ಲವೆಂಬ ನಿಲುವನ್ನು ತಳೆದರು.

ವ್ಯಾಪಾರವಲ್ಲವೆಂದು ನ್ಯಾಯಾಲಯ ಹೇಳಿದ ವಸ್ತುವಿನ ಪಾಲುಗಳು ಇಂದು ಷೇರುಪೇಟೆಯಲ್ಲಿ ದಿನವೂ ಕೈಬದಲಾಗುತ್ತವೆ. ಪಣಜಿಯ ಮಾಂಡೋವಿ ನದಿಯಲ್ಲಿ ಕ್ಯಾಸಿನೊ ಹಡಗುಗಳನ್ನು ನಡೆಸುವ ಡೆಲ್ಟಾ ಕಾರ್ಪ್ ಸಂಸ್ಥೆಯ ಷೇರನ್ನು ಮೊಬೈಲಿನಲ್ಲಿಯೇ ಯಾರೂ ಕೊಳ್ಳಬಹುದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ನಿಷೇಧಿಸಿತಾದರೂ ಈ ಹಡಗುಗಳು ಆ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲ. ಗೋವೆಯ ಸರ್ಕಾರ 2020ರಲ್ಲಿ ತನ್ನ ನಿವಾಸಿಗಳು ಕ್ಯಾಸಿನೊ ಪ್ರವೇಶಿಸುವುದನ್ನು ತಡೆಯಿತು. ಹೊರಗಿನಿಂದ ಬರುವವರಿಗೆ ಬಾಗಿಲು ತೆರೆದೇ ಇದೆ. ತನ್ನ ಮಕ್ಕಳಿಗೆ ಬೇಡವೆಂದದ್ದನ್ನು ನೆರೆಮನೆಯ ಮಕ್ಕಳಿಗೆ ಬಡಿಸುವ ಈ ಏರ್ಪಾಟಿನ ಲಾಭದಲ್ಲಿ ಪಾಲು ಕೇಳುವವನೇ ಷೇರುದಾರ. ಅವನು ಜೂಜಾಡಿದವನಲ್ಲ, ಕಾನೂನು ಮೀರಿದವನೂ ಅಲ್ಲ. ಆದರೂ ಜೂಜು ಕೆಡುಕೆಂದು ನಂಬಿದವನು ಆ ಪಾಲನ್ನು ಇಟ್ಟುಕೊಳ್ಳಲಾಗದು ಎಂಬುದು ನನ್ನ ಅಭಿಪ್ರಾಯ.

ದ್ಯೂತಪ್ರಸಂಗವನ್ನು ಪಾಠ ಹೇಳುವಾಗ ನಮ್ಮ ಗಮನವೆಲ್ಲ ಶಕುನಿಯ ಕಪಟದ ಮೇಲೆ, ಧರ್ಮರಾಯನ ದೌರ್ಬಲ್ಯದ ಮೇಲೆ. ಆ ಸಭಾಮಂಟಪವನ್ನು ಕಟ್ಟಿಸಿದವರು ಯಾರು? ಪಾಂಡವರನ್ನು ಕರೆತರಲು ವಿದುರನನ್ನು ಅಟ್ಟಿದವರು ಯಾರು? ಧೃತರಾಷ್ಟ್ರ. ಅವನು ದಾಳವನ್ನು ಮುಟ್ಟಲಿಲ್ಲ. ಅದು ಬೀಳುವುದನ್ನು ನೋಡಲೂ ಅವನಿಗೆ ಶಕ್ಯವಿರಲಿಲ್ಲ. ದ್ರೌಪದಿಯನ್ನು ಪಣಕ್ಕೆ ಒಡ್ಡಿದ ಗಳಿಗೆಯಲ್ಲಿ ವಿದುರನು ತಲೆಗೆ ಕೈಹೊತ್ತು ಕುಳಿತರೆ, ವ್ಯಾಸಭಾರತದ ಧೃತರಾಷ್ಟ್ರನು ಹರ್ಷವನ್ನು ಅಡಗಿಸಲಾರದೆ ಗೆದ್ದುದಾಯಿತೇ ಎಂದು ಮತ್ತೆ ಮತ್ತೆ ವಿಚಾರಿಸುತ್ತಾನೆ. ಮಂಟಪ ಅವನ ಬಂಡವಾಳ, ಫಲಿತಾಂಶ ಅವನ ಕುತೂಹಲ. ನಡುವೆ ನಡೆದದ್ದು ಮಾತ್ರ ಅವನಿಗೆ ಕಾಣದು. ಹೂಡಿಕೆದಾರನ ಚಿತ್ರವನ್ನು ಇದಕ್ಕಿಂತ ನಿಖರವಾಗಿ ಬರೆದ ಕವಿಯನ್ನು ನಾನು ಕಾಣೆ. 2023ರ ಜುಲೈ 11ರಂದು ಜಿಎಸ್‌ಟಿ ಮಂಡಳಿಯು ಕ್ಯಾಸಿನೊ, ಕುದುರೆಪಂದ್ಯ ಮತ್ತು ಆನ್‌ಲೈನ್ ಆಟಗಳಿಗೆ ಪೂರ್ಣ ಮುಖಬೆಲೆಯ ಮೇಲೆ 28% ತೆರಿಗೆಯನ್ನು ಗೊತ್ತುಮಾಡಿದಾಗ, ಮರುದಿನವೇ ಡೆಲ್ಟಾ ಕಾರ್ಪ್ ಷೇರು 20%ಕ್ಕೂ ಹೆಚ್ಚು ಕುಸಿಯಿತು. ಪೇಟೆಗೆ ನೋವು ತಂದದ್ದು ತೆರಿಗೆ. ಸೋತು ಹಡಗಿನಿಂದ ಇಳಿದು ಹೋದವರಿಗಾಗಿ ಯಾವ ದಿನವೂ ಸೂಚ್ಯಂಕ ಇಳಿದುದಿಲ್ಲ.

ಜೂಜಿನ ಮನೆಯ ಯಜಮಾನನನ್ನು ಪ್ರಾಚೀನರು ಅರಿಯದೆ ಇರಲಿಲ್ಲ. ಅವನ ಹೆಸರು ಸಭಿಕ. ಕೌಟಿಲ್ಯನ ವ್ಯವಸ್ಥೆಯಲ್ಲಿ ದ್ಯೂತಾಧ್ಯಕ್ಷನು ಆಟವನ್ನು ಒಂದೇ ಸ್ಥಳದಲ್ಲಿ ನಡೆಸಬೇಕು, ಬೇರೆಡೆ ಆಡಿದವನಿಗೆ 12 ಪಣ ದಂಡ, ಗೆದ್ದ ಹಣದಲ್ಲಿ 5% ಅಧ್ಯಕ್ಷನಿಗೆ. ಯಾರು ಗೆದ್ದರೂ ಈ ಆದಾಯ ತಪ್ಪುವುದಿಲ್ಲ. ಮೃಚ್ಛಕಟಿಕದ ಎರಡನೆಯ ಅಂಕದಲ್ಲಿ ಸಭಿಕ ಮಾಥುರನು ಹತ್ತು ಸುವರ್ಣ ಬಾಕಿಯಿರುವ ಸಂವಾಹಕನನ್ನು ಬೆನ್ನಟ್ಟುತ್ತಾನೆ. ಆತ ಹಿಮ್ಮುಖವಾಗಿ ಹೆಜ್ಜೆಯಿಟ್ಟು ಪಾಳುಗುಡಿಯನ್ನು ಹೊಕ್ಕು ವಿಗ್ರಹದಂತೆ ನಿಲ್ಲುತ್ತಾನೆ. ನಗೆ ತರುವ ದೃಶ್ಯವೇ. ಆದರೆ ಮಾಥುರನು ತನ್ನ ಲಾಭಕ್ಕಾಗಿ ಬೀದಿಗಿಳಿಯಬೇಕಾಯಿತು, ಸೋತವನ ಮುಖವನ್ನು ಕಾಣಬೇಕಾಯಿತು. ಕಂಪನಿಯೆಂಬ ಏರ್ಪಾಟು ಒಬ್ಬ ಸಭಿಕನನ್ನು ಲಕ್ಷ ತುಂಡುಗಳಾಗಿ ಹಂಚಿದೆ. ಯಾವ ತುಂಡಿಗೂ ಸಂವಾಹಕನ ಪರಿಚಯವಿಲ್ಲ.

ಶ್ರಾವಕಾಚಾರ ಗ್ರಂಥಗಳಲ್ಲಿ ಸಪ್ತವ್ಯಸನಗಳ ಪಟ್ಟಿ ದ್ಯೂತದಿಂದಲೇ ತೊಡಗುತ್ತದೆ. ವಸುನಂದಿ ಅದಕ್ಕೆ ಕೊಡುವ ನಿದರ್ಶನ ಯುಧಿಷ್ಠಿರನದೇ. ಹದಿಮೂರನೆಯ ಶತಮಾನದ ಆಶಾಧರನು ಇನ್ನೂ ಬಿಗಿ: ಮನರಂಜನೆಗೆಂದು ಕಟ್ಟುವ ಬಾಜಿಯೂ ದ್ಯೂತತ್ಯಾಗಿಗೆ ದೋಷವೆನ್ನುತ್ತಾನೆ. ಇತ್ತ ಗೃಹಸ್ಥನಿಗೆ ನಿಷಿದ್ಧವಾದ ಹದಿನೈದು ಕರ್ಮಾದಾನಗಳಲ್ಲಿ ದಂತ, ಅರಗು, ವಿಷಗಳ ವಾಣಿಜ್ಯ ಉಂಟು, ಜೂಜಿನ ಮನೆ ಇಲ್ಲ. ಹಾಗೆಂದು ಅದಕ್ಕೆ ಅನುಮತಿ ಇದೆಯೆಂದು ವಾದಿಸುವುದು ಪಟ್ಟಿಯನ್ನಷ್ಟೇ ಓದಿ ತತ್ತ್ವವನ್ನು ಬಿಟ್ಟಂತೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಜೀವಾಧಿಕರಣವನ್ನು 108 ಬಗೆಯಾಗಿ ಎಣಿಸುವಾಗ ಕೃತ, ಕಾರಿತ, ಅನುಮತಗಳನ್ನು ಸಮಸಾಲಿನಲ್ಲಿ ನಿಲ್ಲಿಸುತ್ತದೆ. ಷೇರುದಾರನಿಗೆ ಈ ಮೂರನೆಯ ಪದ ಅಳತೆಗೆ ಹೊಲಿಸಿದ ಅಂಗಿಯಂತಿದೆ.

ಎದುರುವಾದವೊಂದಿದೆ, ಹಗುರಾದುದಲ್ಲ. ಪೇಟೆಯಲ್ಲಿ ಷೇರು ಕೊಂಡರೆ ಹಣ ಸೇರುವುದು ಅದನ್ನು ಮಾರಿದವನಿಗೆ, ಕಂಪನಿಗಲ್ಲ; ನಾನು ಕೊಳ್ಳದಿದ್ದರೆ ಇನ್ನೊಬ್ಬ ಕೊಳ್ಳುತ್ತಾನೆ, ಹಡಗು ನಿಲ್ಲದು. ನಿಜ. ಹ್ಯಾರಿಸನ್ ಹಾಂಗ್ ಮತ್ತು ಮಾರ್ಸಿನ್ ಕಾಸ್ಪರ್‌ಚಿಕ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಇನ್ನಷ್ಟು ಇಂಬು ಕೊಡುತ್ತದೆ: ಮದ್ಯ, ತಂಬಾಕು, ಜೂಜಿನ ಷೇರುಗಳನ್ನು ಹಲವು ಸಂಸ್ಥೆಗಳು ದೂರವಿಡುವುದರಿಂದ ಅವು ಅಗ್ಗವಾಗಿ ಸಿಕ್ಕಿ, ಕೊಂಡವರಿಗೆ ಹೆಚ್ಚಿನ ಪ್ರತಿಫಲ ಕೊಟ್ಟಿವೆ. ಅಂದರೆ ಬಿಟ್ಟವನಿಗೆ ನಷ್ಟ, ಜೂಜಿಗೆ ತಡೆಯಿಲ್ಲ. ಆದರೆ ಲೋಕದ ಜೂಜನ್ನು ನಿಲ್ಲಿಸುವುದು ವ್ರತದ ಉದ್ದೇಶವೆಂದು ಯಾವ ಆಚಾರ್ಯರು ಹೇಳಿದ್ದರು? ಸೋಲುವವರು ಹೆಚ್ಚಲಿ ಎಂಬ ಹಾರೈಕೆಗೆ ಮನಸ್ಸನ್ನು ಒತ್ತೆಯಿಡಬಾರದು ಎಂಬುದಷ್ಟೇ ಅದರ ಕೇಳಿಕೆ. ಕ್ಯಾಸಿನೊ ಷೇರನ್ನು ಇಟ್ಟುಕೊಂಡು ಆ ಹಾರೈಕೆಯಿಂದ ತಪ್ಪಿಸಿಕೊಳ್ಳುವುದು ಸಾಧ್ಯವಿಲ್ಲ. ಆಡುವವರು ಸೋಲದೆ ಲಾಭಾಂಶ ಹುಟ್ಟುವುದಿಲ್ಲ. ಷೇರುಪೇಟೆಯೇ ಒಂದು ಜೂಜಲ್ಲವೇ ಎಂದು ಕೇಳುವವರಿಗೂ ಇದೇ ಉತ್ತರ. ಬಟ್ಟೆಯ ಗಿರಣಿಯ ಲಾಭಕ್ಕೆ ಗಿರಾಕಿ ಬರಿಗೈಯಲ್ಲಿ ಹಿಂದಿರುಗಬೇಕಾಗಿಲ್ಲ.

ಮ್ಯೂಚುವಲ್ ಫಂಡಿನೊಳಗೆ ಅಡಗಿ ಬರುವ ಷೇರುಗಳ ಮಾತು ಬೇರೆ, ಅಲ್ಲಿ ಆಯ್ಕೆ ನಮ್ಮದಲ್ಲವೆಂದು ಸಹೋದ್ಯೋಗಿಗಳು ಹೇಳುವುದುಂಟು. ಫಂಡುಗಳು ತಮ್ಮಲ್ಲಿರುವ ಷೇರುಗಳ ಪಟ್ಟಿಯನ್ನು ತಿಂಗಳು ತಿಂಗಳು ಪ್ರಕಟಿಸಬೇಕೆಂಬುದು ಸೆಬಿಯ ನಿಯಮ. ಹಸ್ತಪ್ರತಿಗಳ ಪಾಠಾಂತರಗಳನ್ನು ಸಾಲುಸಾಲಾಗಿ ಹೋಲಿಸಿ ನೋಡುವ ನಮಗೆ ಆ ಪಟ್ಟಿಯನ್ನು ಓದುವುದು ಅರ್ಧ ಗಂಟೆಯ ಕೆಲಸವೂ ಅಲ್ಲ.